ಕತ್ತರಿಸದ ಹಾಳೆ

ಮೊಂಡಿ ಅನ್ನುವ ಹೆಸರನ್ನು ಅವಳಿಗಿಟ್ಟದ್ದು ಅವಳ ಅಕ್ಕ. ಒಮ್ಮೆ ಅಕ್ಕ ಲ್ಯಾಬಿಗೆ ಫೋನ್ ಮಾಡಿ "ನಮ್ಮ ಮೊಂಡಿ ಇದ್ದಾಳಾ?" ಅಂದದ್ದೇ ತಡ, ಅಲ್ಲಿಯೂ ಅದೇ ಹೆಸರು ಅಂಟಿಕೊಂಡಿತು. ಅವಳಿಗೇನೂ ಬೇಜಾರಾಗಲಿಲ್ಲ. ಸತ್ತುಹೋದ ಮೊಲಕ್ಕೇ ಹೆಸರಿಟ್ಟು ಮೆರೆಸುವ ಲ್ಯಾಬು ಅದು. ಜೀವಂತ ಓಡಾಡುವವಳಿಗೂ ಒಂದಿದ್ದರೆ ಯಾರ ಗಂಟು ಹೋಗುತ್ತದೆ ಎಂದುಕೊಂಡಳು.

ಆ ಮೊಲ ಬಿಳಿಯಮ್ಮ. ಫ್ರೀಜರಿನ ಮೇಲಿನ ಗೋಡೆಯಲ್ಲಿ ಕಟ್ಟು ಹಾಕಿಸಿದ ಅದರ ಫೋಟೋ ಇತ್ತು. ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋತುಬಿದ್ದು, ಮುಖದಲ್ಲಿ ‘ನಿಮ್ಮ ಹಣೆಬರಹ, ನೀವೇ ನೋಡಿಕೊಳ್ಳಿ’ ಅನ್ನುವ ಭಾವ.

ಬಿಳಿಯಮ್ಮನ ವಿಷಯ ಹೇಳದೆ ಮೊಂಡಿಯ ವಿಷಯ ಹೇಳುವ ಹಾಗಿಲ್ಲ. ನಮ್ಮ ಹೃದಯದ ಜೀವಕೋಶಗಳ ಗೋಡೆಯಲ್ಲಿ ಪೊಟ್ಯಾಶಿಯಂ ಹೊರಗೆ ಹೋಗಲು ಪುಟ್ಟ ಪುಟ್ಟ ಬಾಗಿಲುಗಳಿವೆ. ಪ್ರೋಟೀನಿನಿಂದಾದ ಬಾಗಿಲುಗಳು, ಓದಿದವರು ಪೊಟ್ಯಾಶಿಯಂ ಚಾನೆಲ್ ಅನ್ನುತ್ತಾರೆ. ಬಡಿತದ ಕೊನೆಗೆ ಅವು ತೆರೆದುಕೊಂಡರೆ ಹೃದಯ ಸುಧಾರಿಸಿಕೊಂಡು ಮುಂದಿನ ಬಡಿತಕ್ಕೆ ಅಣಿಯಾಗುತ್ತದೆ. ಕೆಲವು ಮನೆತನಗಳಲ್ಲಿ ಹುಟ್ಟಿನಿಂದಲೇ ಆ ಬಾಗಿಲು ಇರುವುದಿಲ್ಲ, ಆಗ ತಾಳ ತಪ್ಪುತ್ತದೆ. ಗಟ್ಟಿಮುಟ್ಟಾಗಿದ್ದವರು ಮೆಟ್ಟಿಲು ಹತ್ತುತ್ತ ಹತ್ತುತ್ತಲೇ ಕುಸಿದು ಹೋಗಿಬಿಡುತ್ತಾರೆ. ಲ್ಯಾಬಿನ ಯಜಮಾನತಿ, ಎಲ್ಲರ ಬಾಯಲ್ಲೂ ಬರೀ ‘ಮೇಡಂ’, ತಮ್ಮ ಹರೆಯದಲ್ಲಿ ಆ ಪ್ರೋಟೀನಿನ ತುಣುಕೊಂದನ್ನು ಈ ಮೊಲಕ್ಕೆ ಚುಚ್ಚಿದ್ದರು. ಮೊಲದ ರಕ್ತ ‘ಇವನ್ಯಾರಪ್ಪ ಹೊಸಬ’ ಎಂದು ಆ ತುಣುಕನ್ನು ಗುರುತು ಹಿಡಿದು, ಅದಕ್ಕೇ ಹೋಗಿ ಅಂಟಿಕೊಳ್ಳುವ ಪ್ರತಿಕಾಯವನ್ನು ತಯಾರಿಸಿತು. ಆ ಆಂಟಿಬಾಡಿಯಿಂದಲೇ ಮೇಡಂ ಹೆಸರು ಮಾಡಿದರು. ಹೃದಯದ ಚೂರನ್ನು ಅರೆದು, ಅದರ ಪ್ರೋಟೀನುಗಳನ್ನು ಲೋಳೆಯಂಥ ಜೆಲ್ಲಿನಲ್ಲಿ ಕರೆಂಟು ಕೊಟ್ಟು ಓಡಿಸಿದರೆ ಹಗುರವಾದವು ಕೆಳಗೋಡುತ್ತವೆ, ಭಾರವಾದವು ಮೇಲೆಯೇ ಉಳಿಯುತ್ತವೆ. ಅವನ್ನು ಇದ್ದ ಹಾಗೆಯೇ ಒಂದು ತೆಳು ಬಿಳಿ ಹಾಳೆಗೆ ಇಳಿಸಿಕೊಂಡು ಬಿಳಿಯಮ್ಮನ ಆಂಟಿಬಾಡಿಯಲ್ಲಿ ನೆನೆಸಿದರೆ, ಅದು ಎಲ್ಲಿ ಅಂಟಿತೋ ಅಲ್ಲಿ ಕ್ಯಾಮೆರಾದಲ್ಲಿ ಕಪ್ಪು ಪಟ್ಟೆ ಮೂಡುತ್ತದೆ. ಪಟ್ಟೆ ಬಂದರೆ ಬಾಗಿಲು ಇದೆ ಎಂದರ್ಥ. ಇಷ್ಟೇ ವಿದ್ಯೆ.

ಮೊಲ ಸತ್ತ ಮೇಲೆ ಆ ಆಂಟಿಬಾಡಿಗೇ ಬಿಳಿಯಮ್ಮ ಎಂದು ಹೆಸರಾಯಿತು. ಅದು ಇನ್ನು ಹುಟ್ಟುವುದಿಲ್ಲವಲ್ಲ, ಹಾಗಾಗಿ ಲ್ಯಾಬಿನಲ್ಲಿ ಒಂದು ಪದ್ಧತಿ ಬಂತು. ಮೇಜಿನ ಕೊನೆಗೆ ದಾರದಲ್ಲಿ ಒಂದು ಕತ್ತರಿ ನೇತಾಡುತ್ತಿತ್ತು. ಹಾಳೆ ಸಿದ್ಧವಾದ ತಕ್ಷಣ, ಪ್ರೋಟೀನಿನ ತೂಕದ ಲೆಕ್ಕಕ್ಕೆ ಪಟ್ಟೆ ಬರಬೇಕಾದ ಜಾಗ ಬಿಟ್ಟು ಮೇಲಿನದನ್ನೂ ಕೆಳಗಿನದನ್ನೂ ಕತ್ತರಿಸಿ ಬಿಸಾಡಬೇಕು. ಬೆರಳಗಲದ ಪಟ್ಟಿ ಮಾತ್ರ ನೆನೆಸಬೇಕು. ಹೊಸಬರು ಯಾರೇ ಬರಲಿ, ಮೊದಲ ದಿನ ಮೇಡಂ ಆ ಕತ್ತರಿಯನ್ನು ಅವರ ಕೈಗೆ ಕೊಟ್ಟು ಒಂದೇ ಮಾತು ಹೇಳುತ್ತಿದ್ದರು: "ಬಿಳಿಯಮ್ಮನ್ನ ನೀರಿನ ಹಾಗೆ ಸುರೀಬೇಡಿ. ನಮಗೆ ಬೇಕಾಗಿರೋದು ನಡುವಿನದು. ಮೇಲಿನದೆಲ್ಲಾ ಕೊಳೆ."

ಕತ್ತರಿಸಿದರು, ಎಲ್ಲರೂ ಕತ್ತರಿಸಿದರು. ಮೊಂಡಿಯೂ ಕತ್ತರಿಸಿದಳು. ಹಾಗೆ ಕತ್ತರಿಸಿದ ಪಟ್ಟಿಗಳಿಂದಲೇ ಅವಳ ಥೀಸಿಸ್ಸಿನ ನಡುವಿನ ದೊಡ್ಡ ಅಧ್ಯಾಯ ಎದ್ದು ನಿಂತಿತ್ತು. ಇನ್ನು ಮೇಡಂ ಸಹಿ ಒಂದು ಬಿದ್ದರೆ ಡಿಗ್ರಿ ಕೈಗೆ ಬಂದ ಹಾಗೆ.

ಅಷ್ಟರಲ್ಲಿ ದೊಡ್ಡ ಆಸ್ಪತ್ರೆಯ ಹೃದಯದ ಡಾಕ್ಟರು ಮೇಡಂ ಬಳಿ ಬಂದರು. ಹಠಾತ್ತನೆ ಕುಸಿದು ಸತ್ತವರ ಹೃದಯದ ಚೂರನ್ನು ಬಿಳಿಯಮ್ಮನಿಂದ ಪರೀಕ್ಷಿಸಬೇಕು, ಬಾಗಿಲು ಸರಿಯಾಗಿ ಕಂಡರೆ ಸತ್ತವರ ಅಣ್ಣತಮ್ಮಂದಿರನ್ನು, ಅಕ್ಕತಂಗಿಯರನ್ನು ಕರೆದು ‘ನಿಮಗೆ ಈ ರೋಗದ ಭಯವಿಲ್ಲ’ ಎಂದು ಮನೆಗೆ ಕಳಿಸಬಹುದು ಅನ್ನುವುದು ಅವರ ಯೋಜನೆ. ಮೇಡಂ ಮುಖ ಅರಳಿತು. ಇಷ್ಟು ವರ್ಷ ಕಾಗದದ ಮೇಲೆ ಇದ್ದದ್ದು ಈಗ ಜನರ ಕೈ ಹಿಡಿಯುತ್ತದಲ್ಲ! ಡಾಕ್ಟರಿಗೆ ತೋರಿಸಲು ಒಂದು ಚೆಂದದ ಚಿತ್ರ ಬೇಕೆಂದರು. ಬೇರೊಂದು ಲ್ಯಾಬಿನವರು ಆ ಬಾಗಿಲೇ ಇಲ್ಲದ ಹಾಗೆ ಒಂದು ಇಲಿಯನ್ನು ಆಗಷ್ಟೇ ಬೆಳೆಸಿದ್ದರು. ಅದರ ಹೃದಯ ತರಿಸಲಾಯಿತು. ಮಾಮೂಲಿ ಇಲಿಯಲ್ಲಿ ಪಟ್ಟೆ, ‘ಖಾಲಿ ಇಲಿ’ಯಲ್ಲಿ ಏನೂ ಇಲ್ಲ. ಅಕ್ಕಪಕ್ಕ ಇಟ್ಟು ತೋರಿಸಿದರೆ ಮುಗಿಯಿತು. ಕೆಲಸ ಮೊಂಡಿಯ ಪಾಲಿಗೆ ಬಂತು.

ಆವತ್ತು ಹಾಳೆ ಸಿದ್ಧವಾಗುವ ಹೊತ್ತಿಗೆ ದಾರದಲ್ಲಿ ಕತ್ತರಿ ಇಲ್ಲ. ಲ್ಯಾಬಿನ ಹಿರಿಯ ಸಂಶೋಧಕ, ಮೇಡಂ ಕೆಮ್ಮಿದರೂ ತಲೆಯಾಡಿಸುವವನಾದ್ದರಿಂದ ಹೌದಪ್ಪ ಎಂದೇ ಹೆಸರಾದವನು, ಡಾಕ್ಟರು ಬರುತ್ತಾರೆಂದು ಕಾರಿಡಾರಿನಲ್ಲಿ ಪೋಸ್ಟರ್ ಅಂಟಿಸಲು ಕತ್ತರಿ ಒಯ್ದಿದ್ದ.

"ಕತ್ತರಿ ಕೊಡಿ, ಹಾಳೆ ಒಣಗ್ತಿದೆ" ಅಂದಳು ಮೊಂಡಿ.

"ಇರಮ್ಮ, ಈ ಮೂಲೆ ಸೊಟ್ಟ ಕಾಣ್ತಿದೆ."

"ಮೂಲೆ ಸೊಟ್ಟ ಇದ್ರೆ ಪ್ರಳಯ ಆಗತ್ತಾ?"

"ಮೇಡಂಗೆ ಸೊಟ್ಟ ಆಗಿದ್ರೆ ಆಗಲ್ಲ ಕಣೇ."

ಮೊಂಡಿಗೆ ಸಿಟ್ಟು ನೆತ್ತಿಗೇರಿತು. ಹಾಳಾಗಿ ಹೋಗಲಿ ಎಂದು ಬಂದವಳೇ ಇಡೀ ಹಾಳೆಯನ್ನು ದೊಡ್ಡ ತಟ್ಟೆಯಲ್ಲಿ ಹಾಕಿ, ಬಿಳಿಯಮ್ಮನನ್ನು ಧಾರಾಳವಾಗಿ ಸುರಿದಳು. ಬೈಗುಳ ಬೀಳುತ್ತದೆಂದು ಗೊತ್ತಿತ್ತು. ಬೀಳಲಿ, ಮೊದಲನೇ ಸಲವೇನಲ್ಲ.

ಮರುದಿನ ಕ್ಯಾಮೆರಾದ ಮುಂದೆ ಕೂತು ಚಿತ್ರ ನೋಡಿದವಳು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು. ಎಡಗಡೆ ಮಾಮೂಲಿ ಇಲಿಯಲ್ಲಿ ಪಟ್ಟೆ ಇತ್ತು, ಸರಿ. ಬಲಗಡೆ ಖಾಲಿ ಇಲಿಯಲ್ಲೂ ಅದೇ ಪಟ್ಟೆ, ಅಷ್ಟೇ ಕಪ್ಪಾಗಿ, ಅಷ್ಟೇ ದಪ್ಪವಾಗಿ. ಇಲ್ಲದ ಬಾಗಿಲು ಬಿಳಿಯಮ್ಮನಿಗೆ ಎಲ್ಲಿಂದ ಕಂಡಿತು? ಅಂದರೆ ಇಷ್ಟು ಕಾಲ ಎಲ್ಲರೂ ಬಾಗಿಲು ಬಾಗಿಲು ಎಂದು ಕುಣಿದಾಡಿದ್ದು ಇನ್ಯಾವುದೋ ಪ್ರೋಟೀನನ್ನು ನೋಡಿಕೊಂಡೇ? ಹಾಳೆಯ ಮೇಲ್ತುದಿಯಲ್ಲಿ, ಯಾವಾಗಲೂ ಕಸದ ಬುಟ್ಟಿಗೆ ಹೋಗುವ ಜಾಗದಲ್ಲಿ, ಮಸುಕಾದ ಒಂದು ಮೋಡದಂಥ ಕಲೆಯೂ ಇತ್ತು. ಕೊಳೆ ಎಂದುಕೊಂಡಳು. ಆಮೇಲೆ ಇನ್ನೊಮ್ಮೆ ನೋಡಿದಳು. ಕೊಳೆ ಎಡಗಡೆ ಮಾತ್ರ ಇತ್ತು.

ಅವಳು ಎಲ್ಲವನ್ನೂ ಮೊದಲಿನಿಂದ ಮಾಡಿದಳು. ಈ ಸಲ ಕತ್ತರಿ ದಾರದಲ್ಲೇ ಇತ್ತು, ಆದರೂ ಮುಟ್ಟಲಿಲ್ಲ. ಮತ್ತೆ ಅದೇ ಚಿತ್ರ ಬಂತು.

ಮೇಡಂ ಆ ಚಿತ್ರವನ್ನು ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. ಪಕ್ಕದಲ್ಲಿ ಹೌದಪ್ಪ ಕೈ ಕಟ್ಟಿಕೊಂಡು ನಿಂತಿದ್ದ.

"ಟ್ಯೂಬು ಅದಲುಬದಲು ಮಾಡಿದ್ದೀಯ" ಅಂದರು ಮೇಡಂ.

"ಹೌದು, ಅದಲುಬದಲಾಗಿದೆ" ಅಂದ ಹೌದಪ್ಪ.

"ಎರಡು ಸಲವೂ ಆಗಿರೋಕೆ ನಾನೇನು ನಿದ್ದೆಗಣ್ಣಲ್ಲಿ ಮಾಡಿದ್ನಾ ಮೇಡಂ? ಆ ಪಟ್ಟೆ ನಮ್ಮ ಬಾಗಿಲಿಂದಲ್ಲ. ಮೇಲೆ ನೋಡಿ, ಒಂದು ಕಲೆ ಇದೆ. ಅದು ಮಾಮೂಲಿ ಇಲಿಯಲ್ಲಿ ಮಾತ್ರ—"

"ಅದು ಕೊಳೆ." ಮೇಡಂ ಚಿತ್ರವನ್ನು ಬೋರಲು ಹಾಕಿದರು. "ನೋಡಮ್ಮಾ, ನೀನು ಹುಟ್ಟೋಕೆ ಮುಂಚೆಯಿಂದ ಆ ಪಟ್ಟೆ ನೋಡ್ತಿದ್ದೀನಿ. ಡಾಕ್ಟ್ರಿಗೆ ಹಳೇ ಪಟ್ಟಿನೇ ತೋರ್ಸು. ಖಾಲಿ ಇಲಿ ವಿಷಯ ಎತ್ತಬೇಡ. ಅದರ ತಲೆನೋವು ಆಮೇಲೆ ನೋಡ್ಕೊಳ್ಳೋಣ. ಅವರು ಹೋದ ಸಂಜೆನೇ ನಿನ್ನ ಥೀಸಿಸ್ಸಿಗೆ ಸಹಿ ಹಾಕ್ತೀನಿ."

ಕಾರಿಡಾರಿನಲ್ಲಿ ಹೌದಪ್ಪ ಹಿಂದೆಯೇ ಬಂದ. "ನಿನ್ನ ಅಧ್ಯಾಯನೂ ಅದೇ ಪಟ್ಟೆ ಮೇಲೆ ನಿಂತಿರೋದು, ನೆನಪಿದ್ಯಾ? ಕೂತಿರೋ ಕೊಂಬೆನೇ ಕಡೀತೀಯಲ್ಲೇ."

"ಕೊಂಬೆ ಟೊಳ್ಳಾಗಿದೆ ಅಂತ ಗೊತ್ತಾದ ಮೇಲೂ ಕೂತಿರಬೇಕಾ?" ಅಂದಳು ಮೊಂಡಿ. ಅಂದಳೇನೋ ಸರಿ, ಆದರೆ ಬಸ್ ಸ್ಟಾಪಿನಲ್ಲಿ ತನ್ನ ಬಸ್ಸು ಬಂದು ಹೋದದ್ದೂ ಅವಳಿಗೆ ಗೊತ್ತಾಗಲಿಲ್ಲ.

ಮನೆಯಲ್ಲಿ ಇದ್ದವರು ಇಬ್ಬರೇ. ಅಕ್ಕ ಸಿಟಿ ಬಸ್ಸಿನ ಡ್ರೈವರು. ಅಪ್ಪ ಅಮ್ಮ ಹೋದ ಮೇಲೆ ಸ್ಟೀರಿಂಗು ಹಿಡಿದು ತಂಗಿಯನ್ನು ಓದಿಸಿದವಳು. ಡ್ಯೂಟಿ ಮುಗಿಸಿ ಬಂದು, ಯೂನಿಫಾರ್ಮಿನಲ್ಲೇ ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಈರುಳ್ಳಿ ಹೆಚ್ಚುತ್ತ ಎಲ್ಲ ಕೇಳಿಸಿಕೊಂಡಳು.

"ನಿಂಗೆ ತಲೆ ಕೆಟ್ಟಿದ್ಯಾ?" ಅಂದಳು. "ಬಾಯಿ ಮುಚ್ಕೊಂಡು ಸಹಿ ಹಾಕಿಸ್ಕೊಂಡು ಬಾ. ಆಮೇಲೆ ಬೇಕಾದ್ರೆ ಮೈಕ್ ಹಿಡ್ಕೊಂಡು ಊರಿಗೆಲ್ಲಾ ಸಾರು, ನಾನೇ ಬಸ್ಸಿನ ಮೇಲೆ ಹತ್ತಿಸಿ ನಿಲ್ಲಿಸ್ತೀನಿ."

"ಆಮೇಲೆ ಅನ್ನೋಷ್ಟರಲ್ಲಿ ಆಸ್ಪತ್ರೆಯವರು ಶುರು ಮಾಡಿರ್ತಾರೆ ಅಕ್ಕಾ."

"ಆಸ್ಪತ್ರೆ ಅವರದ್ದು, ಆಂಟಿಬಾಡಿ ನಿಮ್ಮ ಮೇಡಂದು. ನಡುವೆ ನೀನ್ಯಾಕೆ ತಲೆ ತೂರಿಸ್ತೀಯ? ಇಷ್ಟು ವರ್ಷ ಬೆನ್ನು ಮುರ್ಕೊಂಡು ಓಡಿಸಿದ್ದೀನಿ ಕಣೇ ನಾನು. ನಿನ್ನ ಡಿಗ್ರಿ ನಿಂದೊಬ್ಬಳದೇ ಅಂದ್ಕೊಂಡಿದ್ದೀಯಾ?"

ಅದು ನಾಟಿತು. ಮೊಂಡಿ ಕಟ್ಟೆಯ ಮೇಲೆ ಬಿದ್ದಿದ್ದ ಈರುಳ್ಳಿ ಸಿಪ್ಪೆಯನ್ನು ಒಟ್ಟುಮಾಡಿದಳು. ಆಮೇಲೆ ಕೇಳಿದಳು: "ಅಕ್ಕಾ, ಬೆಳಿಗ್ಗೆ ಡಿಪೋದಲ್ಲಿ ಗಾಡಿ ತೆಗೀತೀಯಲ್ಲ. ಬ್ರೇಕ್ ಸರಿ ಇದೆ ಅಂತ ಮುಂದುಗಡೆ ಒಂದು ದೀಪ ಉರಿಯತ್ತೆ ಅನ್ಕೋ. ಬ್ರೇಕೇ ಕಿತ್ತು ಹಾಕಿದ್ರೂ ಅದು ಉರೀತಾನೇ ಇದೆ ಅಂತ ನಂಗೊತ್ತು. ನಿಂಗೆ ಹೇಳ್ಬೇಕೋ ಬೇಡ್ವೋ?"

ಅಕ್ಕನ ಚಾಕು ನಿಂತಿತು.

"ಅಲ್ಲಿ ಒಂದು ಹುಡುಗಿ ಸತ್ತಿರ್ತಾಳೆ ಅಕ್ಕಾ. ಅವಳ ಅಕ್ಕನ್ನ ಕರೆದು, ದೀಪ ಉರೀತಿದೆ, ನಿಂಗೇನೂ ಆಗಲ್ಲ ಹೋಗು ಅಂತಾರೆ. ಅವಳು ನಂಬ್ಕೊಂಡು ಹೋಗ್ತಾಳೆ."

ಅಕ್ಕ ಈರುಳ್ಳಿಯನ್ನು ಬಾಣಲೆಗೆ ಸುರಿದಳು. ಕಣ್ಣೊರೆಸಿಕೊಂಡಳು. ಈರುಳ್ಳಿಯದೋ ಮತ್ತಿನ್ನೇನೋ, ಮೊಂಡಿ ಕೇಳಲಿಲ್ಲ. "ನಿನ್ನ ಜೊತೆ ವಾದ ಮಾಡೋದೂ ಒಂದೇ, ಗೋಡೆಗೆ ತಲೆ ಚಚ್ಚಿಕೊಳ್ಳೋದೂ ಒಂದೇ" ಅಂದಳು ಅಕ್ಕ ಬೆನ್ನು ತಿರುಗಿಸಿಯೇ. "ತಟ್ಟೆ ಹಾಕು ಹೋಗು."

ಡಾಕ್ಟರು ಬಂದ ದಿನ ಮೀಟಿಂಗ್ ರೂಮಿನಲ್ಲಿ ನೀರಿನ ಬಾಟಲಿಗಳನ್ನು ಸಾಲಾಗಿ ಇಟ್ಟಿದ್ದರು. ಮೇಡಂ ಬಿಳಿಯಮ್ಮನ ಕಥೆಯನ್ನು ಎಂದಿನ ಉತ್ಸಾಹದಲ್ಲಿ ಹೇಳಿದರು. ಹೌದಪ್ಪ ಹಳೇ ಪಟ್ಟಿಯ ಚಿತ್ರ ಹಾಕಿ ಕಂಪ್ಯೂಟರನ್ನು ಮೊಂಡಿಯ ಕಡೆ ಸರಿಸಿದ. ಮೊಂಡಿ ಎದ್ದು ನಿಂತಳು. ಅವಳು ಹಳೇ ಪಟ್ಟಿಯನ್ನು ತೆಗೆದು ಇಡೀ ಹಾಳೆಯ ಚಿತ್ರವನ್ನು ಪರದೆಯ ಮೇಲೆ ತಂದಳು.

"ಎಡಗಡೆ ಮಾಮೂಲಿ ಇಲಿ. ಬಲಗಡೆಯದರಲ್ಲಿ ಬಾಗಿಲಿಲ್ಲ" ಅಂದಳು.

ಡಾಕ್ಟರು ಮುಂದಕ್ಕೆ ಬಗ್ಗಿದರು. "ಬಾಗಿಲಿಲ್ದೇ ಇರೋದ್ರಲ್ಲೂ ಪಟ್ಟೆ ಬಂದಿದ್ಯಲ್ಲಮ್ಮಾ."

"ಅದನ್ನೇ ಸಾರ್ ನಾನು ಹೇಳೋಕೆ ನಿಂತಿರೋದು. ಇದನ್ನ ನೀವು ತಗೊಂಡು ಹೋಗ್ಬೇಡಿ."

ಹೌದಪ್ಪ ಅಭ್ಯಾಸಬಲದಿಂದ ತಲೆಯಾಡಿಸಿ, ತಾನು ಯಾರಿಗೆ ಹೌದೆಂದೆ ಎಂದು ಗಾಬರಿಯಾಗಿ ನಿಲ್ಲಿಸಿದ. ಮೇಡಂ ಮುಖ ಕೆಂಪಾಗಿತ್ತು.

"ಈ ಹುಡುಗಿಯ ಕೈತಪ್ಪು, ಡಾಕ್ಟ್ರೇ" ಅಂದರು. "ನಾನೇ ಮಾಡಿ ನಿಮಗೆ ಫೋನ್ ಮಾಡ್ತೀನಿ. ಅಲ್ಲಿ ತನಕ ಬಿಳಿಯಮ್ಮನ ಟ್ಯೂಬು ಇಲ್ಲೇ ಇರ್ಲಿ."

ಡಾಕ್ಟರು ಹೋದ ಮೇಲೆ ಮೇಡಂ ಬಾಗಿಲು ಹಾಕಿದರು. ಬೈಯಲಿಲ್ಲ. ಬೈದಿದ್ದರೆ ಮೊಂಡಿಗೆ ಎಷ್ಟೋ ವಾಸಿ ಇತ್ತು. "ಮಗಳ ಹಾಗೆ ನೋಡ್ಕೊಂಡೆ ನಿನ್ನ" ಅಂದರು. "ಹತ್ತು ಜನರ ಮುಂದೆ ನನ್ನ ಮಾನ ಕಳೆದೆ. ನನ್ನ ಕೈಯಲ್ಲಿ ಖಾಲಿ ಇಲಿಯಲ್ಲಿ ಪಟ್ಟೆ ಬರಲಿಲ್ಲವೋ, ನಿನಗೆ ಸಹಿಯೂ ಇಲ್ಲ, ಈ ಲ್ಯಾಬಲ್ಲಿ ಜಾಗವೂ ಇಲ್ಲ."

"ಬಂದ್ರೆ?"

ಮೇಡಂ ಹಾಕಿದ್ದ ಬಾಗಿಲು ತೆರೆದು ಹೊರಟುಹೋದರು.

ಮರುದಿನ ಬೆಳಿಗ್ಗೆ ಮೇಡಂ ಬಿಳಿ ಕೋಟು ತೊಟ್ಟು ಮೇಜಿಗೆ ಬಂದರು. ಪೈಪೆಟ್ ಹಿಡಿದು ಯಾವ ಕಾಲವಾಗಿತ್ತೋ, ಆದರೆ ಕೈ ಮರೆತಿರಲಿಲ್ಲ. ಟ್ಯೂಬಿನ ಮೇಲೆ ತಾವೇ ಗುರುತು ಬರೆದರು, ಜೆಲ್ಲಿಗೆ ತಾವೇ ಹಾಕಿದರು. ಮೊಂಡಿ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. ಎಷ್ಟು ಚೆನ್ನಾಗಿ ಮಾಡುತ್ತಾರಲ್ಲ ಅನ್ನಿಸಿತು. ನಾನೇ ತಪ್ಪಿದ್ದರೆ ಅಂತಲೂ ಅನ್ನಿಸಿತು. ಅಕ್ಕನ ಮುಖ ಕಣ್ಣೆದುರು ಬಂತು.

ಹಾಳೆ ಸಿದ್ಧವಾಯಿತು. ಮೇಡಂ ನೋಡದೆಯೇ ಕೈ ಚಾಚಿದರು, ವರ್ಷಗಟ್ಟಲೆಯ ಅಭ್ಯಾಸ. ಕೈಗೆ ಬರೀ ದಾರ ಸಿಕ್ಕಿತು.

"ಕತ್ತರಿ ಎಲ್ಲಿ?"

"ನನ್ನ ಜೇಬಲ್ಲಿದೆ."

"ಕೊಡು."

"ಕೊಡಲ್ಲ ಮೇಡಂ."

ಹೌದಪ್ಪನ ಕೈಯಿಂದ ಪೆನ್ನು ಕೆಳಗೆ ಬಿತ್ತು. ಆ ಲ್ಯಾಬಿನಲ್ಲಿ ಮೇಡಂ ಮುಖದ ಮೇಲೆ ‘ಕೊಡಲ್ಲ’ ಎಂದವರು ಇರಲಿಲ್ಲ.

"ಪಟ್ಟೆ ಬರತ್ತೋ ಇಲ್ವೋ ನೋಡೋಕೆ ಪಟ್ಟಿ ಸಾಕು" ಅಂದರು ಮೇಡಂ, ಒಂದೊಂದೇ ಮಾತನ್ನು ಬಿಡಿಸಿ. "ಇಡೀ ಹಾಳೆ ಯಾಕೆ?"

"ಪಟ್ಟಿ ಮಾತ್ರ ನೋಡಿದ್ರೆ ಬಿಳಿಯಮ್ಮ ಸುಳ್ಳುಗಾರ್ತಿ ಅಂತಷ್ಟೇ ಗೊತ್ತಾಗೋದು. ನಂಗೆ ಅದು ಸಾಲದು. ಮೇಲೆ ಏನಿದೆ ಅಂತ ನೀವು ಒಂದು ಸಲ ನಿಮ್ಮ ಕಣ್ಣಾರೆ ನೋಡ್ಬೇಕು. ಕೊಳೆ ಆಗಿದ್ರೆ ಎರಡೂ ಕಡೆ ಇರಬೇಕಿತ್ತಲ್ಲ? ಕೊಳೆಗೂ ಪಕ್ಷಪಾತ ಇರತ್ತಾ?" ಮೊಂಡಿ ಕತ್ತರಿಯಿದ್ದ ಜೇಬಿನ ಮೇಲೆ ಕೈ ಒತ್ತಿ ಹಿಡಿದಳು. "ನನ್ನನ್ನ ಹೊರಗೆ ಹಾಕಿ, ಪರವಾಗಿಲ್ಲ. ಹಾಳೆ ಕತ್ತರಿಸೋಕೆ ಮಾತ್ರ ಬಿಡಲ್ಲ."

ಮೇಡಂ ಅವಳನ್ನು ದಿಟ್ಟಿಸಿದರು. ಆಮೇಲೆ ಗೋಡೆಯ ಮೇಲಿನ ಮೊಲವನ್ನು ನೋಡಿದರು. ಹೌದಪ್ಪನ ಕಡೆ ತಿರುಗಿ, "ಏನಯ್ಯಾ ನಿಂತಿದ್ದೀಯ, ದೊಡ್ಡ ತಟ್ಟೆ ತಗೊಂಡು ಬಾ" ಅಂದರು.

ಚಿತ್ರ ತೆಗೆಯುವಾಗ ಕ್ಯಾಮೆರಾದ ಸಣ್ಣ ಕೋಣೆಯಲ್ಲಿ ಮೂವರೂ ಒತ್ತೊತ್ತಾಗಿ ನಿಂತಿದ್ದರು. ಮೊದಲು ನಡುವಿನ ಪಟ್ಟೆ ಮೂಡಿತು. ಎಡಗಡೆಯೂ ಬಂತು, ಬಲಗಡೆಯೂ ಬಂತು. ಅಷ್ಟೇ ಕಪ್ಪಾಗಿ, ಅಷ್ಟೇ ದಪ್ಪವಾಗಿ. ಮೇಡಂ ಕೈಯೇ ಮಾಡಿದ್ದು, ಮೇಡಂ ಅಕ್ಷರವೇ ಟ್ಯೂಬಿನ ಮೇಲೆ. ಮೊಂಡಿಗೆ ಗೆದ್ದೆ ಅನ್ನಿಸಲಿಲ್ಲ. ಪಕ್ಕದಲ್ಲಿ ನಿಂತ ಆಕೆಯ ಉಸಿರು ನಿಂತದ್ದು ಕೇಳಿಸಿತು ಅಷ್ಟೆ.

ಆಮೇಲೆ ನಿಧಾನಕ್ಕೆ, ಎಲ್ಲಕ್ಕಿಂತ ಮೇಲೆ, ಎಡಗಡೆಯಲ್ಲಿ ಮಾತ್ರ, ಆ ಮಸುಕು ಮೋಡ ಮೂಡಿತು. ಬಲಗಡೆ ಅದೇ ಜಾಗ ತೊಳೆದಿಟ್ಟಷ್ಟು ಬೆಳ್ಳಗಿತ್ತು.

ಮೇಡಂ ಕನ್ನಡಕ ತೆಗೆದು ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋದರು. "ಇದು ಸಕ್ಕರೆ ಅಂಟಿಸ್ಕೊಂಡು ಭಾರ ಆಗಿದೆ" ಅಂದರು. ಧ್ವನಿ ಅವರದೇ ಅನ್ನಿಸುತ್ತಿರಲಿಲ್ಲ. "ಜೀವಕೋಶದ ಗೋಡೆಗೆ ಹೋಗೋ ಪ್ರೋಟೀನಿಗೆ ಸಕ್ಕರೆ ಅಂಟತ್ತೆ. ಭಾರ ಜಾಸ್ತಿಯಾಗಿ ಮೇಲೇ ಉಳ್ಕೊಳತ್ತೆ. ಇದನ್ನ ನಾನೇ ಪಾಠ ಮಾಡ್ತೀನಲ್ಲೇ. ತರಗತಿಗೆ ತರಗತಿ ಇದನ್ನೇ ಪಾಠ ಮಾಡಿದ್ದೀನಿ."

ಅವರು ಪರದೆಯ ಮೇಲಿನ ಆ ಮೋಡಕ್ಕೆ ಬೆರಳಿಟ್ಟರು.

"ಬಾಗಿಲು ಇದೇ. ಮೊಲ ಸರಿಯಾಗೇ ನೋಡಿತ್ತು. ಮಸುಕಾಗಿ ನೋಡಿತ್ತು, ಜೊತೆಗೆ ಇನ್ನೇನನ್ನೋ ನೋಡಿತ್ತು, ಆದ್ರೆ ಇದನ್ನ ನೋಡಿತ್ತು. ಕಸಕ್ಕೆ ಹಾಕಿದ್ದು ನಾನು." ಮೇಡಂ ಅಲ್ಲಿದ್ದ ಸ್ಟೂಲಿನ ಮೇಲೆ ಕುಸಿದು ಕೂತರು. ಕಣ್ಣಲ್ಲಿ ನೀರಿತ್ತು, ಅದನ್ನು ಮುಚ್ಚಿಡಲೂ ಇಲ್ಲ. "ಹೌದಾ ಅಲ್ವೇನೋ?" ಎಂದು ಹೌದಪ್ಪನನ್ನು ಕೇಳಿದರು.

ಜನ್ಮದಲ್ಲಿ ಮೊದಲ ಸಲ ಹೌದಪ್ಪನಿಗೆ ಹೌದು ಅನ್ನಲು ಬಾಯಿ ಬರಲಿಲ್ಲ.

ಸ್ವಲ್ಪ ಹೊತ್ತಿನ ನಂತರ ಮೇಡಂ ಮೂಗೊರೆಸಿಕೊಂಡು ಮೊಂಡಿಯನ್ನು ನೋಡಿದರು. ಹಳೆಯ ಬಿಗಿ ಮುಖಕ್ಕೆ ವಾಪಸು ಬಂದಿತ್ತು. "ನಿನ್ನ ಅಧ್ಯಾಯ ಹೋಯ್ತು, ಗೊತ್ತಲ್ಲ? ಅದಕ್ಕೆ ನಾನು ಸಹಿ ಹಾಕೋ ಹಾಗಿಲ್ಲ."

"ಗೊತ್ತು. ನಿಮ್ಮದೂ ಹೋಯ್ತು ಮೇಡಂ. ಬರೆದಿದ್ದೆಲ್ಲಾ ವಾಪಸ್ ತಗೋಬೇಕಾಗತ್ತೆ. ನಮ್ಮಿಂದ ಬಿಳಿಯಮ್ಮನ ಟ್ಯೂಬು ತಗೊಂಡ ಬೇರೆ ಲ್ಯಾಬಿನೋರಿಗೆಲ್ಲಾ ಹೇಳ್ಬೇಕಾಗತ್ತೆ."

"ಎದುರು ಮಾತಾಡೋದು ಬಿಡಲ್ಲ ಅಲ್ವಾ ನೀನು?"

"ಇಲ್ಲ ಮೇಡಂ."

ಮೇಡಂ ಜೇಬಿನಿಂದ ಫೋನ್ ತೆಗೆದು ಅಲ್ಲೇ ಕೂತು ಒತ್ತಿದರು. "ಡಾಕ್ಟ್ರೇ, ಅದನ್ನ ನಿಮಗೆ ಕೊಡೋಕಾಗಲ್ಲ. ಈಗಂತೂ ಆಗಲ್ಲ. ಯಾಕೆ ಅಂತ ನಾನು ಹೇಳಿದ್ರೆ ಸರಿಹೋಗಲ್ಲ. ನಮ್ಮ ಮೊಂಡಿ ಹೇಳ್ತಾಳೆ, ಕೇಳಿ" ಎಂದು ಫೋನನ್ನು ಅವಳ ಕೈಗಿಟ್ಟರು. ಆ ಹೆಸರನ್ನು ಮೇಡಂ ಬಾಯಲ್ಲಿ ಅವಳು ಅದೇ ಮೊದಲು ಕೇಳಿದ್ದು. ಮೊಂಡಿ ಕಾರಿಡಾರಿಗೆ ಬಂದು, ಹೌದಪ್ಪ ನೆಟ್ಟಗೆ ಅಂಟಿಸಿದ್ದ ಪೋಸ್ಟರಿನ ಕೆಳಗೆ ನಿಂತು, ಡಾಕ್ಟರಿಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಡಾಕ್ಟರಿಗೆ ನಿರಾಸೆಯಾಯಿತು. ಆದರೂ ಕೇಳಿಸಿಕೊಂಡರು.

ಸಂಜೆ ಅಕ್ಕನ ಬಸ್ಸು ಲ್ಯಾಬಿನ ಮುಂದಿನ ಸ್ಟಾಪಿಗೆ ಬಂದಾಗ ಮೊಂಡಿ ಮುಂಬಾಗಿಲಿಂದ ಹತ್ತಿ ಡ್ರೈವರ್ ಸೀಟಿನ ಹಿಂದಿನ ಕಂಬಿ ಹಿಡಿದು ನಿಂತಳು. ಕೋಟು ಬಿಚ್ಚಿಡುವುದನ್ನೇ ಮರೆತಿದ್ದಳು. ಜೇಬಿನಲ್ಲಿ ಕತ್ತರಿ ಹಾಗೆಯೇ ಇತ್ತು.

ಅಕ್ಕ ಕನ್ನಡಿಯಲ್ಲಿ ಅವಳ ಮುಖ ನೋಡಿದಳು. "ಡಿಗ್ರಿ?"

"ಮುಂದಕ್ಕೆ ಹೋಯ್ತು. ಮೊದಲಿಂದ ಶುರು ಮಾಡ್ಬೇಕು."

ಅಕ್ಕ ದೊಡ್ಡದೊಂದು ಉಸಿರು ಬಿಟ್ಟಳು. ಬಾಗಿಲು ಮುಚ್ಚಿ, ಗೇರು ಹಾಕಿ, ಬಸ್ಸನ್ನು ರಸ್ತೆಗೆ ತಂದಳು. ಮುಂದಿನ ಸಿಗ್ನಲ್ಲಿನ ಹತ್ತಿರ ಕೇಳಿದಳು:

"ಮತ್ತೆ ಬ್ರೇಕು?"

"ಹಿಡೀತು ಅಕ್ಕಾ."

ದೀಪ ಕೆಂಪಾಯಿತು. ಜನ ತುಂಬಿದ ಬಸ್ಸು ಗೆರೆಯ ಹಿಂದೆ ಮೆತ್ತಗೆ ಬಂದು ನಿಂತಿತು.